ನಮ್ಮ ನಂತರ ಇವನ್ನ ಯಾರು ನೋಡ್ತಾರ್ರಿ?

ಹುಬ್ಬಳ್ಳಿಯ ವಿದ್ಯಾನಗರದ ತಾಯಿಯೊಬ್ಬರು ಬರೆದಿದ್ದಾರೆ: “ಮಗನಿಗೆ 16 ವರ್ಷ, ಆಟಿಸಂ ಐತಿ. ಮಾತು ಕಡಿಮಿ. ಚಿಗರಿ ಬಸ್ಸಿನ ನಿಲ್ದಾಣ ಎಲ್ಲಾ ಸಾಲಾಗಿ ಹೇಳ್ತಾನ, ಆದ್ರ ಒಬ್ಬನ ಎಲ್ಲಿಗೂ ಹೋಗಂಗಿಲ್ಲ. ಒಂಬತ್ತನೆತ್ತೆಗೆ ಸಾಲಿ ಬಿಡಿಸಿದ್ವಿ. ಜಳಕಾ, ಗಡ್ಡಾ ಎಲ್ಲಾ ನಾನ ಮಾಡಸ್ತೀನಿ. ಅವರಪ್ಪಂದು ದುರ್ಗದಬೈಲಿನ್ಯಾಗ ನೋಟ್‌ಬುಕ್ ಅಂಗಡಿ. ನಾ ತವರಿಗೆ ಹೋಗಿ ಒಂದು ರಾತ್ರಿ ಇದ್ದಿಲ್ಲ. ಹದಿನೆಂಟು ತುಂಬೂದ್ರಾಗ ಏನು ಮಾಡಬೇಕ್ರಿ? ನಮ್ಮ ನಂತರ ಇವನ್ನ ಯಾರು ನೋಡ್ತಾರ್ರಿ?”

ಅಕ್ಕಾರ, ನಮಸ್ಕಾರ.

ನಿಮ್ಮ ಪತ್ರ ಓದಿದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಕಡೆಯ ಪ್ರಶ್ನೆಯಲ್ಲ, ತವರಿನ ಮಾತು. ಮಗನಿಗೆ ಹೊಟ್ಟೆ ನೋಯುತ್ತಿದೆಯೋ ಸಿಟ್ಟು ಬಂದಿದೆಯೋ ಎಂಬುದು ಸದ್ಯಕ್ಕೆ ನಿಮ್ಮೊಬ್ಬರಿಗೇ ಗೊತ್ತು. ನಿಮಗೆ ಎರಡು ದಿನ ಜ್ವರ ಬಂದರೂ ಅವನಿಗೆ ಕಷ್ಟ. ಹಾಗಾಗಿ ನಿಮ್ಮ ಜಾಗಕ್ಕೆ ಮುಂದೆ ಯಾರು ಎಂದು ಒಬ್ಬರನ್ನು ಹುಡುಕಬೇಡಿ. ನಿಮ್ಮ ಕೆಲಸದಲ್ಲಿ ಒಂದಿಷ್ಟು ಅವನ ಕೈಗೇ ಹೋಗಲಿ, ಉಳಿದದ್ದು ನಾಲ್ಕಾರು ಜನರಿಗೆ ಹಂಚಿಹೋಗಲಿ. ಇದನ್ನು ಈ ವಾರವೇ ಶುರು ಮಾಡಬಹುದು.

ಮೊದಲು ಜಳಕ. ಕಾಗದಪತ್ರಕ್ಕಿಂತ ಇದು ಮುಂದೆ ಬರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಹದಿನಾರರ ಹುಡುಗನ ಮೈಯನ್ನು ಇನ್ನೊಬ್ಬರು ಮುಟ್ಟಿ ತೊಳೆಯುವುದೇ ರೂಢಿಯಾಗಿಬಿಟ್ಟರೆ, ಕೆಟ್ಟ ಉದ್ದೇಶದಿಂದ ಯಾರಾದರೂ ಮುಟ್ಟಿದಾಗ ‘ಬೇಡ’ ಅನ್ನಬೇಕು ಎಂಬುದು ಅವನಿಗೆ ತಿಳಿಯುವುದಾದರೂ ಹೇಗೆ? ಕಲಿಸುವಾಗ ಕೊನೆಯ ಹಂತದಿಂದ ಹಿಂದಕ್ಕೆ ಬನ್ನಿ. ಎಲ್ಲ ನೀವೇ ಮಾಡಿಸಿ, ಟವೆಲ್ಲಿನಿಂದ ಮೈ ಒರೆಸಿಕೊಳ್ಳುವುದನ್ನು ಮಾತ್ರ ಅವನಿಗೆ ಬಿಡಿ. ಅದು ಪಕ್ಕಾ ಆದ ಮೇಲೆ ಕೊನೆಯ ತಂಬಿಗೆ ನೀರು ಅವನೇ ಹಾಕಿಕೊಳ್ಳಲಿ. ಆಮೇಲೆ ಸಾಬೂನು ತೊಳೆದುಕೊಳ್ಳುವುದು. ಹೀಗೆ ಮಾಡಿದರೆ ಕೆಲಸ ಮುಗಿಸಿದ ಖುಷಿ ಪ್ರತಿ ಸಲವೂ ಅವನದೇ. ಬಾಯಿಯಿಂದ ಹತ್ತು ಸಲ ಹೇಳುವ ಬದಲು ಅವನದೇ ತಂಬಿಗೆ, ಸಾಬೂನು, ಟವೆಲ್ಲಿನ ಫೋಟೊಗಳನ್ನು ಕ್ರಮವಾಗಿ ಗೋಡೆಗೆ ಅಂಟಿಸಿ. ತಿಂಗಳುಗಟ್ಟಲೆ ಹಿಡಿಯಬಹುದು, ಹಿಡಿಯಲಿ. ಗಡ್ಡದ ಜವಾಬ್ದಾರಿ ಅವರಪ್ಪನಿಗೆ ಬಿಡಿ. ಟ್ರಿಮ್ಮರಿನ ಸದ್ದು ಕಿವಿಗೆ ಹಿಂಸೆಯಾದರೆ ಮೊದಲು ಕೆಲವು ದಿನ ಅದನ್ನು ಬಂದ್ ಮಾಡಿಯೇ ಕೈಗೆ ಕೊಡಲಿ.

ಎರಡನೆಯದು, ಒಂದು ನೋಟ್‌ಬುಕ್ಕು. ನಿಮ್ಮ ಅಂಗಡಿಯಿಂದಲೇ ತರಿಸಿಕೊಳ್ಳಿ. ಅವನು ಏನು ಉಣ್ಣುತ್ತಾನೆ, ಯಾವ ಸದ್ದಿಗೆ ಕಿವಿ ಮುಚ್ಚುತ್ತಾನೆ, ನೋವಾದರೆ ಹೇಗೆ ತೋರಿಸುತ್ತಾನೆ, ಸಿಟ್ಟು ಬಂದಾಗ ಏನು ಮಾಡಿದರೆ ಇಳಿಯುತ್ತದೆ, ಗುಳಿಗೆ ಯಾವವು — ಎಲ್ಲ ಬರೆದಿಡಿ. ಆಮೇಲೆ ಅವನ ಕಾಕಾನೋ ಅತ್ತೆಯೋ ವಾರಕ್ಕೊಂದು ಸಂಜೆ ಆ ನೋಟ್‌ಬುಕ್ ಹಿಡಿದು ಅವನ ಜೊತೆ ಇರಲಿ, ನೀವು ಮನೆಯಲ್ಲಿ ಇರಬೇಡಿ. ಮೊದಮೊದಲು ಅವನೂ ಅಳಬಹುದು, ನಿಮಗೂ ತಡೆಯದು. ಆದರೂ ಹೋಗಿ. ಇದು ಸಲೀಸಾದ ಮೇಲೆ ತವರಿನಲ್ಲಿ ಒಂದು ರಾತ್ರಿ ಇದ್ದು ಬನ್ನಿ.

ಬಸ್ಸಿನ ವಿಷಯದಲ್ಲಿ ನಿಮ್ಮ ಊರಿಗೊಂದು ಅನುಕೂಲವಿದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ಗೊತ್ತಾದ ನಿಲ್ದಾಣ, ತನ್ನದೇ ದಾರಿ, ಹತ್ತಲು ಮೆಟ್ಟಿಲಿಲ್ಲ. ಎಲ್ಲ ಒಂದೇ ತೆರನಾಗಿರಬೇಕು ಅನ್ನುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಸವಾರಿ ಸಿಗದು. ವಿದ್ಯಾನಗರದಿಂದ ಉಣಕಲ್‌ವರೆಗೆ ಮೊದಲು ಅಪ್ಪನ ಪಕ್ಕ ಕೂತು ಹೋಗಲಿ, ಮುಂದೆ ಅಪ್ಪ ಹಿಂದಿನ ಸೀಟಿನಲ್ಲಿ, ಅದರ ಮುಂದೆ ಅಪ್ಪ ಉಣಕಲ್ಲಿನಲ್ಲೇ ಕಾಯುತ್ತ ನಿಂತಿರಲಿ. ಬಸ್ಸು ನಡುವೆ ಕೆಟ್ಟು ನಿಂತರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಮನೆಯಲ್ಲಿ ಆಡಿಸಿ ಕಲಿಸಿ: ಜೇಬಿನಲ್ಲಿರುವ ಹೆಸರು-ಫೋನ್ ನಂಬರಿನ ಕಾರ್ಡನ್ನು ಸಿಬ್ಬಂದಿಗೆ ತೋರಿಸುವುದು. ಸಹಾಯ ಕೇಳಲು ಬರುವುದೂ ಸ್ವಾವಲಂಬನೆಯೇ.

ಓದು ನಿಂತಿತೆಂದು ಕೈಚೆಲ್ಲಬೇಡಿ. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೆಯ ಪರೀಕ್ಷೆಯನ್ನು ಒಂದೊಂದೇ ವಿಷಯವಾಗಿ ಬರೆಯಬಹುದು. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ನೋಟ್‌ಬುಕ್‌ಗಳನ್ನು ಅಳತೆ ಪ್ರಕಾರ ಜೋಡಿಸುವ ಕೆಲಸ ಅವನಿಗೆ ಕೊಡಿ, ಅದರ ಪಗಾರ ಅವನ ಕೈಯಲ್ಲೇ ಇಡಿ.

ಇನ್ನು ಕಾಗದಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಬಹುತೇಕ ಸೌಲಭ್ಯಗಳಿಗೆ ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರ ಬೇಕು. ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್ ಇನ್ನೂ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿದರೆ ತಪಾಸಣೆಯ ಕ್ರಮ ತಿಳಿಯುತ್ತದೆ. ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಅದಕ್ಕೂ ಅರ್ಜಿ ಹಾಕಿ.

ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಅಪ್ಪ-ಅಮ್ಮ ಎಂಬ ಕಾರಣಕ್ಕೇ ನೀವು ಅವನ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ. ಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿ ಮಟ್ಟದ ಸ್ಥಳೀಯ ಸಮಿತಿಗೆ ಪೋಷಕರ ನೇಮಕಕ್ಕಾಗಿ ಅರ್ಜಿ ಕೊಡಬಹುದು. ಆದರೆ ಎಲ್ಲರಿಗೂ ಅದು ಬೇಕೇಬೇಕೆಂದಿಲ್ಲ. ಯಾರಾದರೂ ಬಿಡಿಸಿ ಹೇಳಿದರೆ ತನ್ನ ಬ್ಯಾಂಕ್ ವ್ಯವಹಾರ ಅವನಿಗೆ ತಿಳಿಯುವುದಾದರೆ ಸಹಿಯ ಹಕ್ಕನ್ನು ಅವನಿಂದ ತೆಗೆದುಕೊಳ್ಳುವ ಅವಸರ ಮಾಡಬೇಡಿ. ಇನ್ನೂ ಎರಡು ವರ್ಷವಿದೆ, ಅವನನ್ನೂ ಕೂರಿಸಿಕೊಂಡು ಮಾತಾಡಿ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಇಂಥ ಮಕ್ಕಳ ತಂದೆ-ತಾಯಿಗಳು ಈ ಉತ್ತರ ಓದಿ ನಮಗೆ ಬರೆದರೆ, ನೀವು ಒಪ್ಪಿದರೆ ಅವರ ಪತ್ರಗಳನ್ನು ನಿಮಗೆ ತಲುಪಿಸುತ್ತೇವೆ.

— ಸಂಪಾದಕ