ಮಾಡ್ಯೂಲ್‌ಗಳನ್ನು ಜೋಡಿಸಲು ಇವೆಂಟ್ ಸಾಕಾ, ಹುಕ್ ಬೇಕಾ?

ಬಸವನಗುಡಿಯ ದರ್ಶಿನಿಯೊಂದಕ್ಕೆ ಆರ್ಡರ್ ವೆಬ್‌ಸೈಟ್ ಮಾಡುತ್ತಿದ್ದೀರಿ. ರಿಯಾಯಿತಿ, ಎಸ್ಎಂಎಸ್ ಎರಡೂ ಬೇರೆ ಮಾಡ್ಯೂಲ್, ಅಂದರೆ ಕೋಡ್‌ನ ಪ್ರತ್ಯೇಕ ಭಾಗಗಳು. ಇವನ್ನು ಆರ್ಡರ್ ಮಾಡ್ಯೂಲ್‌ಗೆ ಹೇಗೆ ಜೋಡಿಸುವುದು ಅಂತ ಕೇಳಿದ್ದೀರಿ.

ನಾನು ನೋಡುವುದು ಒಂದನ್ನೇ: ಆರ್ಡರ್ ಕೋಡ್ ಉತ್ತರಕ್ಕೆ ಕಾಯಬೇಕಾ? ಮಸಾಲೆ ದೋಸೆ 80 ರೂಪಾಯಿ ಅಂದುಕೊಳ್ಳಿ. ರಿಯಾಯಿತಿ ಕಳೆದ ಬೆಲೆ ವಾಪಸ್ ಬರದೆ ಬಿಲ್ ಆಗುವುದಿಲ್ಲ. ಹಾಗಾಗಿ ಅಲ್ಲಿ ಹುಕ್, ಅಂದರೆ ಬೇರೆ ಮಾಡ್ಯೂಲ್‌ನ ಕೋಡ್ ಕರೆದು, ಅದರ ಉತ್ತರ ತೆಗೆದುಕೊಂಡೇ ಮುಂದೆ ಹೋಗುವ ಜಾಗ. ಎಸ್ಎಂಎಸ್ ಹೋಗದಿದ್ದರೂ ಆರ್ಡರ್ ನಿಲ್ಲಬಾರದು, ಅಲ್ವಾ? ಅಲ್ಲಿ ಇವೆಂಟ್, ಅಂದರೆ "ಆರ್ಡರ್ ಬಂತು" ಅಂತ ಸಾರುವುದು ಅಷ್ಟೇ, ಉತ್ತರ ಕೇಳುವುದಿಲ್ಲ.

ಹುಕ್‌ನಲ್ಲಿ ಕ್ರಮ ಬಹಳ ಮುಖ್ಯ. ಮೊದಲು 10% ಕಳೆದು ಆಮೇಲೆ 20 ರೂಪಾಯಿ ಕಳೆದರೆ ದೋಸೆ 52ಕ್ಕೆ ಬರುತ್ತದೆ. ತಿರುಗಿಸಿದರೆ 54. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್‌ನ ಫಿಲ್ಟರ್‌ಗಳಲ್ಲಿ (ಬೆಲೆಯಂಥ ಮೌಲ್ಯ ಪಡೆದು, ಬದಲಿಸಿ ವಾಪಸ್ ಕೊಡುವ ಹುಕ್‌ಗಳು) ಇದಕ್ಕೇ ಪ್ರಯಾರಿಟಿ ಸಂಖ್ಯೆ ಇದೆ. ಸುಮ್ನೆ ಬಿಟ್ಟರೆ 10, ಚಿಕ್ಕ ಸಂಖ್ಯೆಯದ್ದು ಮೊದಲು ಓಡುತ್ತದೆ. ಫಿಲ್ಟರ್‌ನಲ್ಲಿ ರಿಟರ್ನ್ ಬರೆಯುವುದು ಮರೆತರೆ ಬೆಲೆಯೇ ಮಾಯ, ನಲ್ (ಖಾಲಿ ಮೌಲ್ಯ) ಬರುತ್ತದೆ!

ಇವೆಂಟ್ ಅಂದ ಮಾತ್ರಕ್ಕೆ ಅದು ಹಿನ್ನೆಲೆಯಲ್ಲಿ ಓಡುತ್ತದೆ ಅಂದುಕೊಳ್ಳಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ನೋಡ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ Node.js) ಇವೆಂಟ್ ಸಾರುವ ಇವೆಂಟ್‌ಎಮಿಟರ್, ಲಿಸನರ್‌ಗಳನ್ನು (ಇವೆಂಟ್‌ಗೆ ಕಾದಿರುವ ಕೋಡ್) ಅಲ್ಲೇ, ಒಂದಾದ ಮೇಲೊಂದು ಕರೆಯುತ್ತದೆ. ಎಸ್ಎಂಎಸ್ ಲಿಸನರ್ ಎರರ್ ಎಸೆದರೆ ಅದು ಆರ್ಡರ್ ಕೋಡ್‌ಗೇ ಬಂದು ಬೀಳುತ್ತದೆ, ಉಳಿದ ಲಿಸನರ್‌ಗಳೂ ಓಡುವುದಿಲ್ಲ. ಅಂಥ ಕೆಲಸವನ್ನು ಕ್ಯೂಗೆ, ಅಂದರೆ ಆಮೇಲೆ ಬೇರೆಯಾಗಿ ಓಡುವ ಕೆಲಸಗಳ ಸಾಲಿಗೆ, ಹಾಕಿ. ಅದೂ ಡೇಟಾಬೇಸ್ ಕಮಿಟ್ ಆದ ಮೇಲೆ, ಅಂದರೆ ಆರ್ಡರ್ ಖಾಯಂ ಆಗಿ ಉಳಿದ ಮೇಲೆ. ಇಲ್ಲದಿದ್ದರೆ ರೋಲ್‌ಬ್ಯಾಕ್ ಆದ (ಉಳಿಯದೆ ರದ್ದಾದ) ಆರ್ಡರ್‌ಗೂ "ನಿಮ್ಮ ದೋಸೆ ರೆಡಿ" ಅಂತ ಎಸ್ಎಂಎಸ್ ಹೋಗುತ್ತದೆ.