ಕೋಡಿಯ ನೀರು ಗೋಡೆ ಹಿಡಿಯುವುದೇಕೆ?

ಪ್ರಶ್ನೆ: ಈಜುಕೊಳಕ್ಕೆ ತಾಗಿಸಿಯೇ, ಅದರ ನೀರಿಗಿಂತ 30 ಸೆಂ.ಮೀ. ಎತ್ತರದಲ್ಲಿ ಹಾಟ್ ಟಬ್ ಕಟ್ಟಿಸಿದ್ದೇವೆ. ನಡುವೆ 60 ಸೆಂ.ಮೀ. ಅಗಲದ ಗ್ರಾನೈಟ್ ಕೋಡಿ. ಪಂಪ್ ಕೊಳದ ನೀರನ್ನು ಟಬ್‌ಗೆ ಏರಿಸುತ್ತದೆ, ಅದು ಕೋಡಿಯಿಂದ ಮತ್ತೆ ಕೊಳಕ್ಕೆ ಬೀಳಬೇಕು. ನೀರು ಪರದೆಯ ಹಾಗೆ ಬೀಳುತ್ತಿಲ್ಲ. ಒಂದು ಮೂಲೆಯಿಂದ ಹೊರಟು ಗೋಡೆ ಹಿಡಿದು ಇಳಿಯುತ್ತದೆ. ಕೋಡಿಯನ್ನು ಒಂದೂವರೆ ಮೀಟರಿಗೆ ಅಗಲಿಸಿದರೆ ಸರಿಹೋದೀತೇ? ರಾತ್ರಿ ಪಂಪ್ ನಿಲ್ಲಿಸಿದರೆ ಬೆಳಗಿಗೆ ಟಬ್‌ನ ನೀರು ಒಂದು ಗೇಣಿಗೂ ಹೆಚ್ಚು ಇಳಿದಿರುತ್ತದೆ. ಯಾಕೆ?

ಉತ್ತರ: ಅಗಲಿಸಬೇಡಿ, ಇನ್ನೂ ಕೆಡುತ್ತದೆ. ಕೋಡಿಯ ಅಗಲವನ್ನು ಕಣ್ಣಿಗೆ ಚೆಂದ ಕಂಡಂತೆ ಇಡಲಾಗದು, ಪಂಪ್ ಕೊಡುವ ನೀರಿಗೆ ತಕ್ಕಂತೆ ಇಡಬೇಕು. ಟಬ್‌ನ ನೀರು ನಿಮ್ಮ ಕಲ್ಲಿಗಿಂತ 10 ಮಿ.ಮೀ. ಮೇಲೆ ನಿಂತು ಹರಿಯಲು ನಿಮಿಷಕ್ಕೆ ಸುಮಾರು 65 ಲೀಟರ್ ಬೇಕು. ಅಷ್ಟೇ ನೀರನ್ನು ಒಂದೂವರೆ ಮೀಟರಿಗೆ ಹರಡಿದರೆ ಅದು 5 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಅಷ್ಟು ತೆಳು ನೀರಿಗೆ ಅಂಚು ಬಿಟ್ಟು ಜಿಗಿಯುವ ವೇಗವಿರುವುದಿಲ್ಲ.

ಪಂಪ್ ಎಷ್ಟು ಕೊಡುತ್ತಿದೆ ಎಂದು ಅಳೆಯುವುದು ಸುಲಭ. ನೀರನ್ನು ಕೋಡಿಗಿಂತ 5 ಸೆಂ.ಮೀ. ಕೆಳಗಿಳಿಸಿ, ಪಂಪ್ ಹಾಕಿ, ಕೋಡಿ ಬೀಳುವವರೆಗಿನ ಹೊತ್ತು ನೋಡಿ. 2 ಮೀ. ಉದ್ದ, 2 ಮೀ. ಅಗಲದ ಟಬ್ಬಾದರೆ ಆ 5 ಸೆಂ.ಮೀ. ಎಂದರೆ 200 ಲೀಟರ್. ಮೂರು ನಿಮಿಷ ಹಿಡಿದರೆ ಸಾಕಷ್ಟಿದೆ ಎಂದರ್ಥ.

ಮೂಲೆಯ ತೊಂದರೆ ಮಟ್ಟದ್ದು. ಒಂದು ತುದಿಯಲ್ಲಿ ನೀರು 6 ಮಿ.ಮೀ., ಇನ್ನೊಂದರಲ್ಲಿ 3 ಮಿ.ಮೀ. ಇದ್ದರೆ ಮೊದಲ ತುದಿಯಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು ನೀರು ಹರಿಯುತ್ತದೆ. ರಸಮಟ್ಟಕ್ಕಿಂತ ನಿಂತ ನೀರನ್ನು ನಂಬಿ: ಪಂಪ್ ನಿಲ್ಲಿಸಿ, ಹೊರಗಿನ ಪೈಪಿನಿಂದ ಟಬ್ಬನ್ನು ನಿಧಾನವಾಗಿ ತುಂಬಿಸಿ, ಕಲ್ಲು ಮೊದಲು ಎಲ್ಲಿ ಒದ್ದೆಯಾಗುತ್ತದೆ ನೋಡಿ. ಎತ್ತರದ ತುದಿಯನ್ನು ಉಜ್ಜಿ ಇಳಿಸಿ. 1 ಮಿ.ಮೀ. ಒಳಗೆ ಬರಬೇಕು.

ಇನ್ನು ಗೋಡೆ ಹಿಡಿಯುವುದು. ಲೋಟದಿಂದ ನಿಧಾನಕ್ಕೆ ಬಗ್ಗಿಸಿದರೆ ನೀರು ಹೊರಮೈಗೆ ಅಂಟಿಕೊಂಡು ಇಳಿಯುವುದಿಲ್ಲವೇ? ಇಲ್ಲೂ ಅದೇ. ಕಲ್ಲಿನ ಮುಂದಿನ ಅಂಚು ದುಂಡಗಿದ್ದರೆ ನೀರು ಅದನ್ನೇ ಬಳಸಿಕೊಂಡು ಅಡಿಗೆ ಹೊರಳುತ್ತದೆ. ಅಂಚಿಗೆ ಪಾಲಿಶ್ ಮಾಡಿ ದುಂಡಗೆ ಮಾಡುವುದು ಚೆಂದಕ್ಕೆ ಸರಿ, ಕೋಡಿಗೆ ಅಲ್ಲ. ಕಲ್ಲು ಗೋಡೆಯಿಂದ 4–5 ಸೆಂ.ಮೀ. ಮುಂದೆ ಚಾಚಿರಲಿ, ಕೆಳಗಿನ ಏಣು ಚೂಪಾಗಿರಲಿ. ಅಡಿಭಾಗದಲ್ಲಿ, ಅಂಚಿನಿಂದ ಒಂದು ಸೆಂ.ಮೀ. ಹಿಂದೆ, 5 ಮಿ.ಮೀ. ಅಗಲ ಮತ್ತು ಆಳದ ಸಣ್ಣ ತೋಡನ್ನು ಉದ್ದಕ್ಕೂ ಕೊರೆಸಿ. ಹಿಂದಕ್ಕೆ ಹರಿಯುವ ಹನಿ ಅಲ್ಲೇ ಕಳಚಿ ಬೀಳುತ್ತದೆ.

ರಾತ್ರಿ ಇಳಿಯುವ ನೀರು ಎಲ್ಲಿ ನಿಲ್ಲುತ್ತದೆ ಎಂಬುದೇ ಸುಳಿವು. ಸರಿಯಾಗಿ ಕೊಳದ ಮಟ್ಟಕ್ಕೆ ಬಂದು ನಿಂತರೆ ಅದು ಪೈಪಿನೊಳಗಿಂದ ವಾಪಸು ಹೋಗುತ್ತಿದೆ. ಟಬ್‌ಗೆ ಬರುವ ಪೈಪಿನಲ್ಲಿ, ಫಿಲ್ಟರ್ ಮತ್ತು ಹೀಟರ್ ದಾಟಿದ ಮೇಲೆ, ನೀರನ್ನು ಒಂದೇ ಕಡೆಗೆ ಬಿಡುವ ಚೆಕ್ ವಾಲ್ವ್ ಇರಬೇಕು. ಇದ್ದರೆ ಬಿಚ್ಚಿ ನೋಡಿ: ಒಂದು ಸಣ್ಣ ಕಲ್ಲುಚೂರು ಸಿಕ್ಕಿದರೂ ಅದು ಮುಚ್ಚುವುದಿಲ್ಲ. ಅದು ಸರಿಯಿದ್ದರೆ ಟಬ್ ತಳದಿಂದ ಪಂಪ್‌ಗೆ ಹೋಗುವ ಕಡೆಯ ಮೂರು ದಾರಿಯ ವಾಲ್ವ್‌ನ ಸೀಲ್ ಸವೆದಿರಬಹುದು. ಕೋಡಿಗಿಂತ ಸ್ವಲ್ಪವೇ ಕೆಳಗೆ ನಿಂತರೆ ಕಲ್ಲಿನ ಅಡಿಯ ವಾಟರ್‌ಪ್ರೂಫಿಂಗ್ ಸೋರುತ್ತಿದೆ. ಕಲ್ಲು ಎಬ್ಬಿಸದೆ ದಾರಿಯಿಲ್ಲ. ಕೊಳದ ಮಟ್ಟಕ್ಕೂ ಕೆಳಗಿಳಿದರೆ ಟಬ್ಬೇ ಸೀಳಿದೆ, ಇಲ್ಲವೇ ಮಣ್ಣಿನಡಿಯ ಪೈಪು ಒಡೆದಿದೆ.

ಪ್ರಶ್ನೆ: ಕೋಡಿಯ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತಿದೆ. ಏನು ಮಾಡಲಿ?

ಉತ್ತರ: ನೀರು ಬೀಳುವಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಸುಣ್ಣ ಕಲ್ಲಿಗೆ ಕೂರುತ್ತದೆ. ಪಿಎಚ್ 7.2–7.6ರಲ್ಲಿಡಿ, ಕೋಡಿಯನ್ನು ಇಡೀ ದಿನ ಹರಿಸಬೇಡಿ. ಅಮೃತಶಿಲೆಯಾದರೆ ಆಸಿಡ್ ಮುಟ್ಟಿಸಲೇಬೇಡಿ, ಕಲ್ಲೇ ಕರಗುತ್ತದೆ.