ನಾವು ಒಂಬತ್ತು ಜನ ಆಡುವ ಮಾಫಿಯಾ ಆಟದಲ್ಲಿ ಮೊದಲ ದಿನ ಯಾವ ಸುಳಿವೂ ಇರಲ್ಲ, ಸುಮ್ಮನೆ ಯಾರನ್ನೋ ಔಟ್ ಮಾಡೋ ಬದಲು ವೋಟು ಸ್ಕಿಪ್ ಮಾಡೋದೇ ಸರಿ ಅಲ್ವಾ?

ನಮ್ಮ ಗುಂಪಿನಲ್ಲೂ ಇದೇ ಜಗಳ ಇತ್ತು. ನಿಮ್ಮ ಹಾಗೇ ಒಂಬತ್ತು ಜನ, ಇಬ್ಬರು ಮಾಫಿಯಾ, ಒಬ್ಬ ಪೊಲೀಸ್, ಒಬ್ಬ ಡಾಕ್ಟರ್, ಉಳಿದವರು ಸಾಮಾನ್ಯ ಊರಿನವರು. ರಾತ್ರಿ ಎಲ್ಲರೂ ಕಣ್ಣು ಮುಚ್ಚಿದಾಗ ಮಾಫಿಯಾ ಗುಟ್ಟಾಗಿ ಒಬ್ಬರನ್ನು ಕೊಲ್ಲುತ್ತೆ, ಪೊಲೀಸ್ ಒಬ್ಬರು ಮಾಫಿಯಾನಾ ಅಂತ ಚೆಕ್ ಮಾಡ್ತಾನೆ, ಡಾಕ್ಟರ್ ಒಬ್ಬರನ್ನು ಕಾಪಾಡ್ತಾನೆ. ಹಗಲು ಎಲ್ಲರೂ ಚರ್ಚಿಸಿ, ವೋಟು ಹಾಕಿ ಒಬ್ಬರನ್ನು ಔಟ್ ಮಾಡ್ತಾರೆ. ಸುಳಿವಿಲ್ಲದೆ ವೋಟು ಹಾಕಬಾರದು ಅನ್ನೋದನ್ನೇ ನಾನು ಒಪ್ಪಲ್ಲ. ಯಾರೂ ವೋಟು ಹಾಕದಿದ್ದರೆ ಸುಳಿವು ಹುಟ್ಟೋದಾದರೂ ಎಲ್ಲಿಂದ? ಈ ಆಟ 1986ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗದಲ್ಲಿದ್ದ ಡಿಮಿಟ್ರಿ ಡೇವಿಡಾಫ್ ಕೈಯಲ್ಲಿ ಹುಟ್ಟಿದಾಗಿಂದ ಅದರ ತಿರುಳು ಒಂದೇ: ಎಲ್ಲ ಗೊತ್ತಿರುವ ಕೆಲವರು, ಏನೂ ಗೊತ್ತಿಲ್ಲದ ಹಲವರು. ಆ ಹಲವರ ಕೈಗೆ ಸಿಗುವ ದಾಖಲೆ ಅಂದರೆ ಯಾರು, ಯಾವಾಗ, ಯಾರ ಮೇಲೆ ಕೈ ಎತ್ತಿದರು ಅನ್ನೋದು.

ನಾನು ಗಾಡ್ ಆಗಿ, ಅಂದರೆ ಆಟಕ್ಕೆ ಸೇರದೆ, ಆಡಿಸಿದ ಒಂದು ಆಟ ಹೇಳ್ತೀನಿ. ಯಾರ ಕಾರ್ಡಿನಲ್ಲಿ ಯಾವ ಪಾತ್ರ ಅಂತ ನನಗೆ ಕಾಣುತ್ತಿದ್ದರಿಂದ ಎಲ್ಲಿ ಕೆಟ್ಟಿತು ಅಂತ ನಿಖರವಾಗಿ ಹೇಳಬಹುದು. ಹೆಸರು ಬೇಡ, ಕುರ್ಚಿ ನಂಬರ್ ಸಾಕು. 2 ಮತ್ತು 7 ಮಾಫಿಯಾ, 5 ಪೊಲೀಸ್, 8 ಡಾಕ್ಟರ್. ಮೊದಲ ರಾತ್ರಿ ಕೊಲೆ ಇಲ್ಲ, ಪೊಲೀಸ್ ಒಬ್ಬರನ್ನು ಚೆಕ್ ಮಾಡಬಹುದು. 5 ಚೆಕ್ ಮಾಡಿದ್ದು 9ನ್ನು, ಊರಿನವನೇ ಅಂತ ಗೊತ್ತಾಯಿತು.

ಬೆಳಗಾಯಿತು. ಒಂಬತ್ತು ಜನರಲ್ಲಿ ಔಟ್ ಮಾಡಲು ಐದು ವೋಟು ಬೇಕು. 4 ಶುರು ಮಾಡಿದ: "5 ಬಂದಾಗಿಂದ ಬಾಯೇ ಬಿಟ್ಟಿಲ್ಲ." 1 ಸೇರಿಕೊಂಡ. ಮೂರನೇ ವೋಟು 7ರದು: "ನನಗೂ ಮೊದಲಿಂದ ಹಾಗೇ ಅನಿಸ್ತಿತ್ತು." ನಾಲ್ಕನೆಯದು 6. "ನಾನಲ್ಲ ಕಣ್ರೋ, ಒಂದು ನಿಮಿಷ..." ಅಂತ 5 ಅನ್ನುವಷ್ಟರಲ್ಲಿ 3 ಐದನೇ ವೋಟು ಒತ್ತಿಬಿಟ್ಟ. ಎರಡು ನಿಮಿಷವೂ ಆಗಿರಲಿಲ್ಲ. ಇನ್ನೊಬ್ಬ ಮಾಫಿಯಾ, 2, ಯಾರಿಗೂ ವೋಟು ಹಾಕದೆ ಗೋಡೆ ನೋಡುತ್ತಾ ಕೂತಿದ್ದ.

ತಪ್ಪು ಇಲ್ಲೇ ಆಗಿದ್ದು. 5ರ ಮೇಲೆ ಅನುಮಾನಪಟ್ಟಿದ್ದರಲ್ಲಿ ತಪ್ಪಿಲ್ಲ. ನಾಲ್ಕಕ್ಕೆ ನಿಲ್ಲಿಸಬೇಕಿತ್ತು. ನಾಲ್ಕು ವೋಟು ಬಿದ್ದವನ ಸ್ಥಿತಿ ಬೇರೆ: ಇನ್ನೊಂದು ಬಿದ್ದರೆ ಆಟದಿಂದಲೇ ಹೊರಗೆ, ಹಾಗಾಗಿ ಪೊಲೀಸ್ ಆಗಿದ್ದರೆ ಹೇಳಲೇಬೇಕು. ಎರಡು ವೋಟಿಗೇ ಪಾತ್ರ ಕೇಳಿದರೆ ಮಾಫಿಯಾಗೆ ಪೊಲೀಸ್ ಯಾರು ಅಂತ ಪುಕ್ಕಟೆ ತಿಳಿದುಹೋಗುತ್ತೆ. ಐದಾದ ಮೇಲೆ ಕೇಳಿ ಪ್ರಯೋಜನವಿಲ್ಲ. ಇನ್ನೂ ಒಂದು ವಿಷಯ: ಮೊದಲ ದಿನ ಸುಮ್ಮನಿರುವವರಲ್ಲಿ ಪೊಲೀಸ್ ಇರುವ ಸಾಧ್ಯತೆ ಚೆನ್ನಾಗಿಯೇ ಇರುತ್ತೆ, ಅವನು ಅಡಗಿ ಕೂತಿರುತ್ತಾನೆ. ಮೌನ ಒಂದನ್ನೇ ಹಿಡಿದು ವೋಟು ಹಾಕೋದು ಅಂದರೆ ನಮ್ಮ ಕಣ್ಣನ್ನು ನಾವೇ ಚುಚ್ಚಿಕೊಂಡ ಹಾಗೆ.

ಮುಂದಿನದು ಬೇಗ ಮುಗಿಯಿತು. ಆ ರಾತ್ರಿ ಮಾಫಿಯಾ ಅಂದಾಜಿಗೆ ಹೊಡೆದದ್ದು ಡಾಕ್ಟರ್‌ಗೇ ತಗುಲಿತು. ಏಳು ಜನ ಉಳಿದರು. ಎಲ್ಲರಿಗೂ ನೆನಪಿದ್ದದ್ದು ಐದನೇ ವೋಟು, ಹಾಗಾಗಿ 3ನ್ನು ಔಟ್ ಮಾಡಿದರು. ಅವನು ಊರಿನವ. ರಾತ್ರಿ 9 ಸತ್ತ. ಐದು ಜನರಲ್ಲಿ "ಮೊದಲು ಶುರು ಮಾಡಿದ್ದೇ ಇವನು" ಅಂತ 4ನ್ನು ಕಳಿಸಿದರು. ಮಾಫಿಯಾ ಇಬ್ಬರು, ಊರಿನವರೂ ಇಬ್ಬರು; ಸಮವಾದರೆ ಮಾಫಿಯಾ ಗೆದ್ದ ಹಾಗೆ, ಆಟ ಮುಗೀತು. ಮೂರನೇ ವೋಟಿನ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ, ಯಾಕಂದರೆ ಯಾರೂ ಬರೆದಿಟ್ಟಿರಲಿಲ್ಲ. ಶುರು ಮಾಡಿದವನೂ ಮುಗಿಸಿದವನೂ ಕಣ್ಣಿಗೆ ಬೀಳುತ್ತಾರೆ, ನಡುವೆ ನುಸುಳಿದವನು ಬೀಳಲ್ಲ. ಸ್ವಲ್ಪ ಪಳಗಿದ ಮಾಫಿಯಾ ಆ ನಡುವಿನ ಜಾಗವನ್ನೇ ಹುಡುಕುತ್ತೆ.

ಈಗ ನಿಮ್ಮ ಸ್ಕಿಪ್ ವಿಷಯ. ಒಂಬತ್ತು ಜನ, ಮೊದಲ ರಾತ್ರಿ ಕೊಲೆ ಇಲ್ಲ ಅಂದರೆ ನಿಮಗೆ 9, 7, 5 ಜನ ಇದ್ದಾಗ ಮೂರು ಅವಕಾಶ. ಎರಡು ಸಲ ತಪ್ಪಿದರೂ ಆಟ ಉಳಿಯುತ್ತೆ. ಮೊದಲ ದಿನ ಸ್ಕಿಪ್ ಮಾಡಿದರೆ ರಾತ್ರಿ ಒಬ್ಬ ಹೋಗಿ ಎಂಟಾಗುತ್ತೀರಿ. ಆಮೇಲೆ 8 ಮತ್ತು 6, ಎರಡೇ ಅವಕಾಶ. ಅಂದರೆ ಒಂದು ವೋಟನ್ನು ಮಾಫಿಯಾಗೆ ದಾನ ಕೊಟ್ಟಿರಿ.

ಆದರೆ ನಿಮ್ಮಲ್ಲಿ ಮೊದಲ ರಾತ್ರಿಯೇ ಕೊಲೆ ಇದ್ದರೆ (ಎಷ್ಟೋ ಗುಂಪಿನಲ್ಲಿ ಹಾಗೇ ಆಡ್ತಾರೆ) ಬೆಳಗ್ಗೆ ನೀವು ಎಂಟೇ ಜನ. ಆಗ ವೋಟು ಹಾಕಿದರೆ 8, 6. ಸ್ಕಿಪ್ ಮಾಡಿದರೆ 7, 5. ಎರಡೂ ಕಡೆ ಎರಡೇ ಅವಕಾಶ, ಮೇಲಾಗಿ ಏಳರಲ್ಲಿ ಇಬ್ಬರನ್ನು ಹುಡುಕೋದು ಎಂಟರಲ್ಲಿ ಹುಡುಕೋದಕ್ಕಿಂತ ಸುಲಭ, ಪೊಲೀಸಿಗೆ ಇನ್ನೊಂದು ಚೆಕ್ ಕೂಡ ಸಿಗುತ್ತೆ. ಒಟ್ಟಿನಲ್ಲಿ ಬೆಸ ಸಂಖ್ಯೆ ಇದ್ದರೆ ವೋಟು ಹಾಕಿ, ಸಮ ಇದ್ದರೆ ಸ್ಕಿಪ್ ಮಾಡಿದರೂ ನಷ್ಟವಿಲ್ಲ. ಡಾಕ್ಟರ್ ಒಂದು ರಾತ್ರಿ ಯಾರನ್ನಾದರೂ ಉಳಿಸಿದರೆ ಬೆಸ-ಸಮ ಅದಲುಬದಲಾಗುತ್ತೆ, ಪ್ರತಿ ಬೆಳಗ್ಗೆ ತಲೆ ಎಣಿಸಿಕೊಳ್ಳಿ. ಸ್ಕಿಪ್ ಮಾಡುವ ದಿನವೂ ಚರ್ಚೆ ಪೂರ್ತಿ ನಡೆಸಿ, ಪ್ರತಿಯೊಬ್ಬರೂ ಒಂದು ಹೆಸರು ಹೇಳಲಿ.

(ಅಮಾಂಗ್ ಅಸ್ ಅನ್ನೋ ವಿಡಿಯೋ ಗೇಮ್ ಆಡಿ ಬಂದವರು ಸ್ಕಿಪ್ ಅನ್ನೋದನ್ನ ಅಲ್ಲಿಂದ ತರ್ತಾರೆ. ಅಲ್ಲಿ ಟಾಸ್ಕ್ ಮುಗಿಸಿಯೂ ಗೆಲ್ಲಬಹುದು, ಹಾಗಾಗಿ ಸ್ಕಿಪ್ ಅಷ್ಟು ದುಬಾರಿಯಲ್ಲ. ಮೇಜಿನ ಮಾಫಿಯಾದಲ್ಲಿ ಊರಿಗೆ ಗೆಲ್ಲಲು ವೋಟು ಬಿಟ್ಟರೆ ಬೇರೆ ದಾರಿಯಿಲ್ಲ.)

ಮೊದಲ ದಿನಕ್ಕೆ ಎಂಟು ನಿಮಿಷ ಇಡಿ. "ಒಂದು ಎರಡು ಮೂರು" ಅಂತ ಎಲ್ಲರೂ ಒಟ್ಟಿಗೆ ಬೆರಳು ತೋರಿಸುವ ಪದ್ಧತಿ ಇದ್ದರೆ ಇವತ್ತೇ ಬಿಡಿ, ವೋಟಿನ ಕ್ರಮವೇ ಅದರಲ್ಲಿ ಅಳಿಸಿಹೋಗುತ್ತೆ. ಒಬ್ಬೊಬ್ಬರೇ ಬಾಯಿಬಿಟ್ಟು ಹೇಳಲಿ, ಗಾಡ್ ಅದನ್ನು ಕುರ್ಚಿ ನಂಬರ್ ಸಮೇತ ಎಲ್ಲರಿಗೂ ಕಾಣುವ ಹಾಗೆ ಬರೆಯಲಿ. ವೋಟು ವಾಪಸ್ ತೆಗೆದರೆ ಅಳಿಸಬೇಡಿ, ಗೆರೆ ಎಳೆಯಿರಿ ಸಾಕು. "ನೀನು ಮಾಫಿಯಾನಾ?" ಅಂತ ಕೇಳಿ ಏನೂ ಸಿಗಲ್ಲ. "ಈಗಲೇ ವೋಟು ಹಾಕಬೇಕಂದರೆ ಯಾರಿಗೆ? ಅವನು ಅಲ್ಲದಿದ್ದರೆ ಎರಡನೆಯವನು ಯಾರು?" ಅಂತ ಕೇಳಿ. ಮಾಫಿಯಾದವನಿಗೆ ಮೊದಲ ಹೆಸರು ತಯಾರಿರುತ್ತೆ, ಎರಡನೆಯದಕ್ಕೆ ತಡವರಿಸುತ್ತಾನೆ. ನಗು, ಬೆವರು ಇವನ್ನೆಲ್ಲ ನಂಬಬೇಡಿ, ಹೊಸಬರು ಯಾವ ಕಾರ್ಡ್ ಬಂದರೂ ನಗ್ತಾರೆ. "ರಾತ್ರಿ ಆ ಕಡೆಯಿಂದ ಕುರ್ಚಿ ಸದ್ದು ಬಂತು" ಅನ್ನೋದು ಆಟವೇ ಅಲ್ಲ. ರಾತ್ರಿ ಎಲ್ಲರೂ ಮೇಜು ಬಡಿಯುವ ನಿಯಮ ಮಾಡಿ.

ಔಟ್ ಆಗಲು ಇನ್ನೊಂದೇ ವೋಟು ಉಳಿದಾಗ ಎರಡು ನಿಮಿಷ ಯಾರೂ ವೋಟು ಹಾಕುವಂತಿಲ್ಲ. ಸಿಕ್ಕಿಬಿದ್ದವನು ಮೂರು ವಿಷಯ ಹೇಳಬೇಕು: ತನ್ನ ಪಾತ್ರ, ಚೆಕ್ ಮಾಡಿದ್ದರೆ ಅದರ ಫಲಿತಾಂಶ, ತನ್ನ ಅನುಮಾನ ಯಾರ ಮೇಲೆ. ಪೊಲೀಸ್ ಅಂದರೆ ಆ ದಿನ ಬಿಟ್ಟುಬಿಡಿ, ರಾತ್ರಿ ಡಾಕ್ಟರ್ ನೋಡಿಕೊಳ್ತಾನೆ. "ಅಲ್ಲ, ನಾನು ಪೊಲೀಸ್" ಅಂತ ಇನ್ನೊಬ್ಬ ಎದ್ದರೆ ಖುಷಿಪಡಿ. ಇಬ್ಬರಲ್ಲಿ ಒಬ್ಬ ಸುಳ್ಳ, ಒಬ್ಬನನ್ನು ಕಳಿಸಿ ಅವನು ನಿಜವಾದ ಪೊಲೀಸ್ ಅಂತಾದರೆ ಮರುದಿನ ಇನ್ನೊಬ್ಬನನ್ನು ಕಳಿಸಿ. ಈ ಲೆಕ್ಕ ನಿಲ್ಲಬೇಕಾದರೆ ಊರಿನವರು ತಮಾಷೆಗೂ ಪೊಲೀಸ್ ಅಂತ ಹೇಳಿಕೊಳ್ಳಬಾರದು.

ಮೊದಲ ದಿನ ಔಟಾದವನು ಊರಿನವನೇ ಅಂತ ತಿಳಿದಿದ್ದರೆ, ಎರಡನೇ ದಿನ ಚರ್ಚೆಯನ್ನು ಐದನೇ ವೋಟಿನಿಂದ ಶುರು ಮಾಡಬೇಡಿ. ಬರೆದಿಟ್ಟ ಹಾಳೆ ತೆಗೆದು ಮೂರನೆಯವನಿಗೂ ನಾಲ್ಕನೆಯವನಿಗೂ ಕಾರಣ ಕೇಳಿ, ಆಮೇಲೆ ವೋಟೇ ಹಾಕದೆ ಕೂತಿದ್ದವರ ಕಡೆ ತಿರುಗಿ.